ಮಳೆಯ ಲೆಕ್ಕವೂ ಮರಣದ ಲೆಕ್ಕವೂ: ಧಾತು–ಈಶ್ವರ ಕ್ಷಾಮದ ಒಂದು ವಿವೇಚನೆ

ಕ್ರಿ.ಶ. 1876ರಿಂದ 1878ರ ವರೆಗೆ ಮೈಸೂರು ಸಂಸ್ಥಾನವನ್ನು ಪೀಡಿಸಿದ ಮಹಾಕ್ಷಾಮಕ್ಕೆ ನಮ್ಮ ಹಿರಿಯರು ಆಯಾ ಸಂವತ್ಸರಗಳ ಹೆಸರನ್ನೇ ಇಟ್ಟು ಧಾತು–ಈಶ್ವರ ಕ್ಷಾಮವೆಂದು ಕರೆದರು. ಇದು ಮಳೆ ಬಾರದ್ದರಿಂದ ಉಂಟಾದ ಕ್ಷಾಮವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮಳೆಯ ಅಭಾವವೊಂದೇ ಅಷ್ಟು ದೊಡ್ಡ ಜನಹಾನಿಗೆ ಸಾಕಾದ ಕಾರಣವೇ ಎಂಬ ಪ್ರಶ್ನೆಯನ್ನು ಮಾತ್ರ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ಮಳೆಯ ಲೆಕ್ಕ ಒಂದು, ಮರಣದ ಲೆಕ್ಕ ಇನ್ನೊಂದು. ಇವೆರಡನ್ನೂ ಮೊದಲು ಬೇರೆ ಬೇರೆಯಾಗಿ ಓದಿ, ಅನಂತರವೇ ಅವುಗಳ ಸಂಬಂಧವನ್ನು ವಿಚಾರಿಸತಕ್ಕದ್ದು ಎಂಬುದನ್ನು ದಾವಣಗೆರೆ–ಹರಿಹರ ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

1. ಹವಾಮಾನದ ದಾಖಲೆಯೆಂದರೇನು?

ಮೊದಲು ನಮ್ಮ ನಾಡಿನಿಂದ ಬಹುದೂರದಲ್ಲಿರುವ ಒಂದು ದೇಶದ ನಿದರ್ಶನವನ್ನು ನೋಡೋಣ. ಉತ್ತರ ಅಮೆರಿಕದ ಕೆನಡಾ ಅತಿ ವಿಸ್ತಾರವಾದ ಶೀತದೇಶ. ಅದರ ಯೂಕಾನ್ ಪ್ರಾಂತದ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರವರಿ 3ರಂದು ಉಷ್ಣತೆಯು ಸೊನ್ನೆಗಿಂತ 63 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಉಷ್ಣತಾಮಾಪಕದ ಕೊನೆಯ ಗೆರೆಗಿಂತಲೂ ಕೆಳಕ್ಕೆ ದ್ರವವು ಇಳಿದುದರಿಂದ, ಅಲ್ಲಿನ ವೀಕ್ಷಕರು ಗಾಜಿನ ಮೇಲೆಯೇ ಗುರುತು ಮಾಡಿಕೊಳ್ಳಬೇಕಾಯಿತು. ಅದೇ ದೇಶದಲ್ಲಿ 2021ರ ಜೂನ್ 29ರಂದು ಬ್ರಿಟಿಷ್ ಕೊಲಂಬಿಯದ ಲಿಟ್ಟನ್ ಎಂಬ ಗ್ರಾಮದಲ್ಲಿ 49.6 ಡಿಗ್ರಿ ಬಿಸಿಲು ದಾಖಲಾಯಿತು. 1937ರಲ್ಲಿ ಸ್ಥಾಪಿತವಾಗಿದ್ದ 45 ಡಿಗ್ರಿಯ ಹಳೆಯ ದಾಖಲೆಯನ್ನು ಇದು ನಾಲ್ಕೂವರೆ ಡಿಗ್ರಿಗಳಷ್ಟು ಮೀರಿಸಿತು. ಮರುದಿನವೇ ಬೆಂಕಿ ಹಬ್ಬಿ ಆ ಗ್ರಾಮದ ಬಹುಭಾಗ ಸುಟ್ಟು ಬೂದಿಯಾಯಿತು.

ಎರಡೂ ದಾಖಲೆಗಳೇ. ಆದರೆ ಸ್ನ್ಯಾಗ್ ಎಂಬುದು ಕೆಲವೇ ಮಂದಿ ವಾಸವಾಗಿದ್ದ ವಿಮಾನನಿಲ್ದಾಣ. ಶೀತಕ್ಕೆ ಬೇಕಾದ ಉಡುಪು, ಇಂಧನ, ವಸತಿಗಳನ್ನು ಸಿದ್ಧಪಡಿಸಿಕೊಂಡೇ ಅವರು ಅಲ್ಲಿ ಇದ್ದರು. 2021ರ ಬಿಸಿಲಾದರೋ ಬ್ರಿಟಿಷ್ ಕೊಲಂಬಿಯ ಪ್ರಾಂತವೊಂದರಲ್ಲೇ ಒಂದು ವಾರದಲ್ಲಿ 619 ಜನರನ್ನು ಬಲಿತೆಗೆದುಕೊಂಡಿತು. ಅವರಲ್ಲಿ ಹೆಚ್ಚಿನವರು ಎಪ್ಪತ್ತು ವರ್ಷ ದಾಟಿದ ವೃದ್ಧರು. ಬಹುಮಟ್ಟಿಗೆ ಎಲ್ಲರೂ ಮನೆಯೊಳಗೇ ಪ್ರಾಣಬಿಟ್ಟರು. ಚಳಿಯನ್ನು ತಡೆಯುವುದಕ್ಕಾಗಿ ಕಟ್ಟಿದ ಮನೆಗಳು ಸೆಕೆಯನ್ನು ಹೊರಗಿಡಲು ಸಮರ್ಥವಾಗಲಿಲ್ಲ. ಆದಕಾರಣ ಉಷ್ಣತಾಮಾಪಕವು ತೋರಿಸುವ ಅಂಕಿ ಪ್ರಕೃತಿಯದು. ಆ ಅಂಕಿಯ ಫಲ ಸಮಾಜದ್ದು.

ಈ ಗ್ರಾಮದ ಹೆಸರಿಗೂ ನಮ್ಮ ಇತಿಹಾಸಕ್ಕೂ ಒಂದು ಸಂಬಂಧವುಂಟು. 1858ರಲ್ಲಿ ಬ್ರಿಟಿಷ್ ವಸಾಹತುಗಳ ಮಂತ್ರಿಯಾಗಿದ್ದ ಕಾದಂಬರಿಕಾರ ಎಡ್ವರ್ಡ್ ಬುಲ್ವರ್ ಲಿಟ್ಟನ್ನನ ಗೌರವಾರ್ಥವಾಗಿ ಅದಕ್ಕೆ ಆ ಹೆಸರು ಬಂದಿತು. ಅವನ ಮಗನಾದ ರಾಬರ್ಟ್ ಲಿಟ್ಟನ್ನನೇ ಧಾತು–ಈಶ್ವರ ಕ್ಷಾಮದ ಕಾಲದಲ್ಲಿ ಭಾರತದ ವೈಸರಾಯನಾಗಿದ್ದವನು. ಇದು ಕೇವಲ ಕಾಕತಾಳೀಯವಾದರೂ ಎರಡು ದೂರದ ನಾಡುಗಳು ಒಂದೇ ಸಾಮ್ರಾಜ್ಯದ ಆಡಳಿತಕ್ಕೆ ಒಳಗಾಗಿದ್ದುದನ್ನು ಅದು ನೆನಪಿಗೆ ತರುತ್ತದೆ; ಆ ಆಡಳಿತದ ಪಾತ್ರವನ್ನು ಮುಂದೆ ವಿಚಾರಿಸಬೇಕಾಗಿದೆ.

2. ಸೀಮೆಯ ಸ್ವರೂಪ

ಇಂದಿನ ದಾವಣಗೆರೆ ಜಿಲ್ಲೆ 1997ರಲ್ಲಿ ರಚಿತವಾಯಿತು. ಅದಕ್ಕೆ ಮುಂಚೆ ದಾವಣಗೆರೆ, ಹರಿಹರಗಳು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿರುವ ಈ ಬಯಲುಸೀಮೆಗೆ ವರ್ಷಕ್ಕೆ ಸುಮಾರು 650 ಮಿಲಿಮೀಟರ್ ಮಳೆ. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿಯೋ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ. ತುಂಗೆ ಮತ್ತು ಭದ್ರೆಗಳು ಮಲೆನಾಡಿನಲ್ಲಿ ಹುಟ್ಟಿ, ಕೂಡಲಿಯಲ್ಲಿ ಸಂಗಮಿಸಿ, ತುಂಗಭದ್ರೆಯೆಂಬ ಹೆಸರಿನಿಂದ ಹರಿಹರದ ಪಕ್ಕದಲ್ಲಿ ಹರಿಯುತ್ತವೆ. ಮಲೆನಾಡಿನ ನೀರು ಕಣ್ಣೆದುರಿಗೇ ಹರಿದುಹೋಗುತ್ತಿದ್ದರೂ ಹೊಲಕ್ಕೆ ಬರುವುದು ಆಕಾಶದ ನೀರು ಮಾತ್ರ. ಇದೇ ಈ ಸೀಮೆಯ ಹಳೆಯ ಸ್ಥಿತಿಯಾಗಿತ್ತು.

ಈ ಸ್ಥಿತಿಯನ್ನು ತಿದ್ದಲು ಪೂರ್ವಿಕರು ಯತ್ನಿಸದೆ ಇರಲಿಲ್ಲ. ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಸೂಳೆಕೆರೆ, ಅರ್ಥಾತ್ ಶಾಂತಿಸಾಗರ, ನಮ್ಮ ನಾಡಿನ ಅತ್ಯಂತ ದೊಡ್ಡ ಕೆರೆಗಳಲ್ಲೊಂದು. ಅದರಿಂದ ಹೊರಡುವ ಹರಿದ್ರಾ ಹಳ್ಳವು ಹರಿಹರದ ಸಮೀಪದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ವಿಜಯನಗರದ ಅರಸರ ಕಾಲದಲ್ಲಿ ಈ ಹರಿದ್ರೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದ ಸಂಗತಿ 1410ರ ಹರಿಹರದ ಶಾಸನದಿಂದಲೂ, ಅಣೆಯು ಒಡೆದುಹೋಗಿ ಪುನಃ ಕಟ್ಟಲ್ಪಟ್ಟ ಸಂಗತಿ 1424ರ ಶಾಸನದಿಂದಲೂ ತಿಳಿದುಬರುತ್ತದೆ. ನೀರಿನ ಅಭಾವ ಮತ್ತು ನೀರಿನ ಆಧಿಕ್ಯ ಎರಡೂ ಈ ಜನರಿಗೆ ಪರಿಚಿತವಾಗಿದ್ದವೆಂಬುದಕ್ಕೆ ಈ ಎರಡು ಶಾಸನಗಳೇ ಸಾಕ್ಷಿ. ಆದರೆ ಕೆರೆಯೂ ಕೊನೆಗೆ ಸುತ್ತಣ ಮಳೆಯನ್ನೇ ಅವಲಂಬಿಸಿದ್ದು. ಒಂದು ವರ್ಷದ ಕೊರತೆಯನ್ನು ಅದು ತಡೆಯಬಲ್ಲದು. ಬೆನ್ನುಬೆನ್ನಿಗೆ ಬರುವ ಕೊರತೆಯನ್ನು ತಡೆಯಲಾರದು.

3. ಮಳೆಯ ಲೆಕ್ಕ

ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದುದು 1875ರಲ್ಲಿ. ಹೆನ್ರಿ ಬ್ಲ್ಯಾನ್‌ಫರ್ಡ್ ಅದರ ಮೊದಲ ಮುಖ್ಯಾಧಿಕಾರಿ. ಇಲಾಖೆಯು ಇನ್ನೂ ಕಣ್ಣು ತೆರೆಯುತ್ತಿರುವಾಗಲೇ ಈ ಘೋರ ಅನಾವೃಷ್ಟಿ ಬಂದೊದಗಿತು. ಮೈಸೂರಿನಲ್ಲಿ 1875ರಲ್ಲಿಯೇ ಮಳೆ ಅರೆಕೊರೆಯಾಗಿತ್ತು. 1876ರಲ್ಲಿ ಮುಂಗಾರು ಸಾಲದಾಯಿತು. ಹಿಂಗಾರು ಸಂಪೂರ್ಣವಾಗಿ ಕೈಕೊಟ್ಟಿತು. ಆ ವರ್ಷ ಕೊರತೆಯು ಮುಖ್ಯವಾಗಿ ದಖ್ಖಣ ಮತ್ತು ದಕ್ಷಿಣ ಪ್ರಾಂತಗಳದಾಗಿತ್ತು. 1877ರಲ್ಲಿ ಅದು ಉತ್ತರ ಹಿಂದೂಸ್ಥಾನಕ್ಕೂ ವ್ಯಾಪಿಸಿತು. 1871ರಿಂದೀಚೆಗಿನ ಅಖಿಲ ಭಾರತ ಮುಂಗಾರಿನ ಅಂಕಿಗಳ ಶ್ರೇಣಿಯಲ್ಲಿ 1877ರ ಮಳೆಯೇ ಅತ್ಯಂತ ಕಡಮೆಯದು. ಸುಮಾರು 850 ಮಿಲಿಮೀಟರ್ ಸರಾಸರಿಗೆ ಬದಲಾಗಿ ಆ ವರ್ಷ ಬಿದ್ದುದು 604 ಮಿಲಿಮೀಟರ್ ಮಾತ್ರ. ಇಂದಿಗೂ ಮುರಿಯದೆ ನಿಂತಿರುವ ದಾಖಲೆ ಇದು.

ಇದೇ ಅವಧಿಯಲ್ಲಿ ಉತ್ತರ ಚೀನಾದಲ್ಲಿಯೂ, ಬ್ರೆಜಿಲ್ ದೇಶದ ಈಶಾನ್ಯದ ಸಿಯಾರಾ ಪ್ರಾಂತದಲ್ಲಿಯೂ ಭೀಕರ ಕ್ಷಾಮಗಳು ಸಂಭವಿಸಿದವು. ಇಷ್ಟು ದೂರದೂರದ ನಾಡುಗಳಲ್ಲಿ ಒಂದೇ ಕಾಲಕ್ಕೆ ಮಳೆ ತಪ್ಪಿದುದು ಏಕೆಂಬುದು ಅಂದಿನವರಿಗೆ ಒಡಪಾಗಿತ್ತು. ಬ್ಲ್ಯಾನ್‌ಫರ್ಡನು 1884ರಲ್ಲಿ ಹಿಮಾಲಯದ ಹಿಮಪಾತಕ್ಕೂ ಮುಂಗಾರಿಗೂ ಸಂಬಂಧವನ್ನು ಸೂಚಿಸಿದನು. 1904ರಿಂದ 1924ರ ವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರನು ಶಾಂತಸಾಗರ ಮತ್ತು ಹಿಂದೂ ಮಹಾಸಾಗರಗಳ ಮೇಲಣ ವಾಯುಭಾರವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುತ್ತದೆಯೆಂದು ಕಂಡುಹಿಡಿದನು. ಪೆರು ದೇಶದ ತೀರದಲ್ಲಿ ಸಮುದ್ರವು ಅಸಾಧಾರಣವಾಗಿ ಕಾಯುವ ಎಲ್ ನಿನೊ ಎಂಬ ವಿದ್ಯಮಾನಕ್ಕೂ ಈ ಏರಿಳಿತಕ್ಕೂ ಇರುವ ನಂಟನ್ನು ಜೇಕಬ್ ಬ್ಯರ್ಕ್‌ನೆಸ್ 1960ರ ದಶಕದಲ್ಲಿ ವಿವರಿಸಿದನು. 1877–78ರ ಎಲ್ ನಿನೊ ಆ ಶತಮಾನದ ಅತಿ ಪ್ರಬಲವಾದವುಗಳಲ್ಲೊಂದೆಂದು ಈಗ ವಿದ್ವಾಂಸರು ಒಪ್ಪಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂವತ್ಸರಗಳು ಅರವತ್ತು ವರ್ಷಗಳಿಗೊಮ್ಮೆ ಮರಳುವುದರಿಂದ ಈಶ್ವರ ಸಂವತ್ಸರವು 1937ರಲ್ಲಿಯೂ 1997ರಲ್ಲಿಯೂ ಪುನಃ ಬಂದಿತು. 1997ರ ಈಶ್ವರದಲ್ಲಿ ಎಲ್ ನಿನೊ ಸಹ ಅತ್ಯಂತ ಪ್ರಬಲವಾಗಿತ್ತು. ಆದರೂ ಆ ವರ್ಷ ಭಾರತದ ಮುಂಗಾರು ಸರಾಸರಿಗಿಂತ ಕಡಮೆಯಾಗಲಿಲ್ಲ. ಆದ್ದರಿಂದ ಸಂವತ್ಸರದ ಹೆಸರು ಕ್ಷಾಮಕ್ಕೆ ಕಾರಣವಲ್ಲವೆಂಬುದು ಸ್ಪಷ್ಟವಷ್ಟೇ ಅಲ್ಲ, ಸಮುದ್ರದ ತಾಪವೊಂದನ್ನೇ ಕಾರಣವೆಂದು ಎಣಿಸುವುದೂ ಅವಸರದ ತೀರ್ಮಾನವಾಗುತ್ತದೆ. ಎಲ್ ನಿನೊ ಅನಾವೃಷ್ಟಿಯ ಸಂಭವವನ್ನು ಹೆಚ್ಚಿಸುತ್ತದೆ, ಅದನ್ನು ವಿಧಿಸುವುದಿಲ್ಲ.

4. ಮರಣದ ಲೆಕ್ಕ

1871ರ ಜನಗಣತಿಯಂತೆ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ತರುವಾಯ, 1881ರಲ್ಲಿ, ಅದು 41,86,188. ಹತ್ತು ವರ್ಷಗಳಲ್ಲಿ 8,69,224 ಜನ, ಎಂದರೆ ನೂರಕ್ಕೆ ಹದಿನೇಳು ಮಂದಿ, ಲೆಕ್ಕದಿಂದ ಮರೆಯಾದರು. 1871ರಿಂದ 1876ರ ವರೆಗೆ ಸಹಜವಾಗಿ ಹೆಚ್ಚಿರಬಹುದಾದ ಜನರನ್ನು ಇದಕ್ಕೆ ಸೇರಿಸಿದರೆ ನಷ್ಟದ ಪ್ರಮಾಣ ಇನ್ನೂ ಹಿರಿದಾಗುತ್ತದೆ. ಅನ್ನ ಅರಸಿ ನೆರೆಯ ಸೀಮೆಗಳಿಗೆ ಹೋಗಿ ಮರಳದವರೂ, ಕ್ಷಾಮದ ವರ್ಷಗಳಲ್ಲಿ ಹುಟ್ಟದೆಯೇ ಹೋದ ಮಕ್ಕಳೂ ಈ ಅಂಕಿಯೊಳಗೆ ಅಡಗಿದ್ದಾರೆ. 1891ರ ಗಣತಿಯಲ್ಲಿ ಜನಸಂಖ್ಯೆ 49,43,604ಕ್ಕೆ ಏರಿದರೂ 1871ರ ಮಟ್ಟಕ್ಕೆ ಅದು ಇನ್ನೂ 1,11,808ರಷ್ಟು ಕಡಮೆಯೇ ಆಗಿತ್ತು. 1901ರ ಗಣತಿಯಲ್ಲಿ ಮಾತ್ರ, 55,39,399ರೊಂದಿಗೆ, ಅದು ಆ ಮಟ್ಟವನ್ನು ದಾಟಿತು. ಒಂದು ನಾಡು ತನ್ನ ಹಿಂದಿನ ಜನಬಲವನ್ನು ಮರಳಿ ಪಡೆಯಲು ಒಂದು ತಲೆಮಾರೇ ಬೇಕಾಯಿತು.

ಈಗ ಮಳೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕದ್ದು. 1972ರಲ್ಲಿ ಅಖಿಲ ಭಾರತದ ಮುಂಗಾರು ಮಳೆ 653 ಮಿಲಿಮೀಟರ್. 1877ಕ್ಕಿಂತ ಕೇವಲ 49 ಮಿಲಿಮೀಟರ್ ಹೆಚ್ಚು. ಆಗ ಜನ ಬಹಳ ಕಷ್ಟಪಟ್ಟರು, ದನಕರುಗಳು ನಾಶವಾದವು, ಸಾಲಸೋಲಗಳು ಹೆಚ್ಚಿದವು. ಆದರೆ ನೂರಕ್ಕೆ ಹದಿನೇಳು ಮಂದಿ ಇಲ್ಲವಾಗಲಿಲ್ಲ. ಮಳೆಯ ಅಂಕಿಗಳು ಇಷ್ಟು ಸಮೀಪವಾಗಿಯೂ ಮರಣದ ಅಂಕಿಗಳು ಇಷ್ಟು ದೂರವಾಗಿಯೂ ಇರಬೇಕಾದರೆ, ನಡುವಣ ಅಂತರಕ್ಕೆ ಕಾರಣವನ್ನು ಆಕಾಶದಲ್ಲಿ ಹುಡುಕದೆ ನೆಲದ ಮೇಲೆ ಹುಡುಕಬೇಕಾಗುತ್ತದೆ.

5. ಕಾರಣಗಳ ವಿವೇಚನೆ

ಮೊದಲನೆಯದು, ದಾಸ್ತಾನಿನ ಕ್ಷಯ. ನಮ್ಮ ರೈತರು ರಾಗಿ, ಜೋಳಗಳನ್ನು ನೆಲದೊಳಗಣ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹಾಗೆ ಇಟ್ಟ ಧಾನ್ಯ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಂದು ವರ್ಷದ ಬರವನ್ನು ಹಗೇವು ನೀಗಿಸುತ್ತಿತ್ತು. 1875ರ ಅರೆಬೆಳೆಯೇ ಅದನ್ನು ತೆರೆಸಿತು. 1876ರ ಸೋಲು ಅದನ್ನು ಬರಿದುಮಾಡಿತು. 1877ರಲ್ಲಿ ಮಳೆ ಪುನಃ ತಡವಾದಾಗ ತೆರೆಯಲು ಹಗೇವೇ ಉಳಿದಿರಲಿಲ್ಲ. ಕ್ಷಾಮದ ಕ್ರೌರ್ಯವು ಒಂದು ವರ್ಷದ ಕೊರತೆಯ ಪರಿಮಾಣದಲ್ಲಿ ಇರಲಿಲ್ಲ. ಕೊರತೆಗಳು ಒಂದರ ಹಿಂದೊಂದು ಬಂದ ಕ್ರಮದಲ್ಲಿ ಇತ್ತು.

ಎರಡನೆಯದು, ಸಾಗಾಣಿಕೆ. ಆಗ ರೈಲುಮಾರ್ಗವು ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬಂದು ನಿಂತಿತ್ತು. ಅದು 1864ರಲ್ಲಿ ಪ್ರಾರಂಭವಾದದ್ದು. ಧಾನ್ಯವು ಬೆಂಗಳೂರಿನ ನಿಲ್ದಾಣಕ್ಕೆ ಬಂದು ಬೀಳುತ್ತಿತ್ತು. ಅಲ್ಲಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ಹೇರು ಹೊತ್ತ ಎತ್ತಿನ ಗಾಡಿ ದಿನಕ್ಕೆ ಇಪ್ಪತ್ತು ಕಿಲೋಮೀಟರಿನಂತೆ ನಡೆದರೆ ಹದಿಮೂರು ದಿನಗಳ ದಾರಿ. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿಯೇ ಸೇತುವೆ ಸಿದ್ಧವಾಗಿತ್ತು, ಹೆದ್ದಾರಿಯೂ ಇತ್ತು. ಇಲ್ಲದೆ ಹೋದುದು ಎತ್ತು. ಮೇವಿಲ್ಲದೆ ದನಗಳು ಸಾಯುತ್ತಿರುವಾಗ ಗಾಡಿ ಎಳೆಯುವವರಾರು? ಮಳೆ ತಪ್ಪಿದುದು ಬೆಳೆಯನ್ನು ಮಾತ್ರವಲ್ಲ, ಹೊರಗಿನ ಬೆಳೆಯನ್ನು ತರಬೇಕಾದ ಸಾಧನವನ್ನೂ ಕೊಂದಿತು. ಅನಾವೃಷ್ಟಿಯು ಪ್ರದೇಶವೊಂದರ ಸಮಸ್ತ ವ್ಯವಸ್ಥೆಯನ್ನು ಹೇಗೆ ಒಡೆಯುತ್ತದೆಯೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ.

ಮೂರನೆಯದು, ಆಡಳಿತದ ಧೋರಣೆ. 1831ರಿಂದ ಸಂಸ್ಥಾನವು ಕಮಿಷನರುಗಳ ಆಳ್ವಿಕೆಯಲ್ಲಿತ್ತು, ಕ್ಷಾಮಕಾಲದಲ್ಲಿ ಸಿ. ಬಿ. ಸಾಂಡರ್ಸ್ ಮುಖ್ಯ ಕಮಿಷನರ್. ಧಾನ್ಯದ ವ್ಯಾಪಾರದಲ್ಲಿ ಸರ್ಕಾರವು ಕೈಹಾಕಬಾರದು, ಬೆಲೆ ಏರಿದರೆ ಧಾನ್ಯವು ತಾನಾಗಿ ಹರಿದುಬರುವುದು ಎಂಬುದು ಅಂದಿನ ಬ್ರಿಟಿಷ್ ಅರ್ಥನೀತಿ. ಕೊಳ್ಳುವವನ ಕೈಯಲ್ಲಿ ಹಣವಿಲ್ಲದಿದ್ದರೆ ಏರಿದ ಬೆಲೆ ಯಾರಿಗಾಗಿ ಧಾನ್ಯವನ್ನು ತರಬೇಕೆಂಬುದನ್ನು ಆ ನೀತಿ ವಿಚಾರಿಸಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯುತ್ತಿದ್ದಾಗ ದಕ್ಷಿಣದಲ್ಲಿ ಜನ ಸಾಯುತ್ತಿದ್ದರು. ಭಾರತದಿಂದ ಹೊರದೇಶಗಳಿಗೆ ಧಾನ್ಯದ ರಫ್ತೂ ನಿಲ್ಲಲಿಲ್ಲ. ವೆಚ್ಚವನ್ನು ಹಿಡಿತದಲ್ಲಿಡಲು ದಕ್ಷಿಣಕ್ಕೆ ಕಳುಹಿಸಲ್ಪಟ್ಟ ಸರ್ ರಿಚರ್ಡ್ ಟೆಂಪಲ್ ಪರಿಹಾರಕಾರ್ಯದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಆಧಾರಕ್ಕೆ ಇಳಿಸಿದನು. ಕಲ್ಲು ಒಡೆದು ಮಣ್ಣು ಹೊರುವ ದೇಹವನ್ನು ಅದು ಪೋಷಿಸಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದನು. ಅಧಿಕಾರಿಗಳಲ್ಲಿಯೇ ಒಬ್ಬನು ಅಂದೇ ಈ ಮಾತನ್ನು ಆಡಿದುದರಿಂದ, ಅಂದಿನವರಿಗೆ ತಿಳಿವಳಿಕೆ ಸಾಲದಾಗಿತ್ತೆಂಬ ಸಮಾಧಾನಕ್ಕೆ ಎಡೆಯಿಲ್ಲ.

1877ರಲ್ಲಿ ಲಿಟ್ಟನ್ ಸ್ವತಃ ದಕ್ಷಿಣಕ್ಕೆ ಬಂದು ಹೋದ ಮೇಲೆ ಚಾರ್ಲ್ಸ್ ಎಲಿಯಟ್ ಮೈಸೂರಿನ ಕ್ಷಾಮ ಕಮಿಷನರನಾಗಿ ನೇಮಕಗೊಂಡನು. ಚೆದುರಿದ ಸಣ್ಣ ಕೆಲಸಗಳನ್ನು ಬಿಟ್ಟು ದೊಡ್ಡ ಕಾಮಗಾರಿಗಳಲ್ಲಿ ಜನರನ್ನು ತೊಡಗಿಸುವ ಕ್ರಮ ಬಂದಿತು. ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸ ಇಂಥವುಗಳಲ್ಲೊಂದು. ಆ ವರ್ಷದ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಳೆಯೂ ಬಂದಿತು. ಆದರೆ ಮಳೆ ಬಂದ ದಿನವೇ ಕ್ಷಾಮ ಮುಗಿಯುವುದಿಲ್ಲ. ಬಿತ್ತಲು ಬೀಜವಿಲ್ಲದ, ಉಳಲು ಎತ್ತಿಲ್ಲದ, ರೋಗವನ್ನು ತಡೆಯಲು ಶಕ್ತಿಯಿಲ್ಲದ ಜನ ಹಸಿರಾದ ನೆಲದ ಮೇಲೆಯೇ ಇನ್ನೂ ಬಹುಕಾಲ ನರಳಿದರು.

6. ಕ್ಷಾಮವು ಕಲಿಸಿದ ಪಾಠ

1881ರ ಮಾರ್ಚಿಯಲ್ಲಿ ರಾಜ್ಯವು ಚಾಮರಾಜ ಒಡೆಯರಿಗೆ ಹಿಂದಿರುಗಿದಾಗ ಅದರೊಡನೆ ಕ್ಷಾಮದ ಸಾಲ 80 ಲಕ್ಷ ರೂಪಾಯಿಯೂ ಬಂದಿತು. ಬ್ರಿಟಿಷರಿಗೆ ಕೊಡಬೇಕಾದ ಪೊಗದಿಯನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸುವುದನ್ನು ಐದು ವರ್ಷಗಳ ಕಾಲ ಮುಂದಕ್ಕೆ ಹಾಕಬೇಕಾಯಿತು. ದಿವಾನ್ ರಂಗಾಚಾರ್ಲು ಅವರ ಸರ್ಕಾರವು ಈ ಬಡತನದಲ್ಲಿಯೂ ರೈಲುಮಾರ್ಗಗಳಿಗೆ ಆದ್ಯಸ್ಥಾನ ಕೊಟ್ಟುದನ್ನು ಕ್ಷಾಮದ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. 1880ರ ದಶಕ ಮುಗಿಯುವುದರೊಳಗೆ ರೈಲು ದಾವಣಗೆರೆಯ ಮೂಲಕ ಹರಿಹರವನ್ನು ಮುಟ್ಟಿತು. ಹದಿಮೂರು ದಿನಗಳ ಗಾಡಿಯ ದಾರಿ ಒಂದು ಹಗಲು ಒಂದು ಇರುಳಿನೊಳಗಿನ ದಾರಿಯಾಯಿತು.

ನೀರಾವರಿಯ ಪಾಠ ನಿಧಾನವಾಗಿ ಫಲಿಸಿತು. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ವರೆಗೆ ವಾಣೀವಿಲಾಸಸಾಗರವು ಕಟ್ಟಲ್ಪಟ್ಟಿತು. ಬಯಲುಸೀಮೆಯ ಹೊಳೆಯ ಸ್ವಭಾವಕ್ಕೆ ಈ ಜಲಾಶಯವೇ ಒಂದು ದಾಖಲೆಪುಸ್ತಕ. 1933ರಲ್ಲಿ ಕೋಡಿ ಬಿದ್ದ ಅದು ಪುನಃ ಕೋಡಿ ಬಿದ್ದುದು ಎಂಬತ್ತೊಂಬತ್ತು ವರ್ಷಗಳ ಮೇಲೆ, 2022ರಲ್ಲಿ. 2025ರ ಪ್ರಾರಂಭದಲ್ಲಿ ಮತ್ತೊಮ್ಮೆ ತುಂಬಿತು. ದಾವಣಗೆರೆ–ಹರಿಹರಗಳಿಗೆ ನಿಜವಾದ ಬದಲಾವಣೆ ತಂದುದು 1960ರ ದಶಕದಲ್ಲಿ ಪೂರ್ಣಗೊಂಡ, 71.5 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಲಕ್ಕವಳ್ಳಿಯ ಭದ್ರಾ ಜಲಾಶಯ. ಮಲೆನಾಡಿನ ನೀರು ಮೊದಲ ಬಾರಿಗೆ ನಾಲೆಯ ಮೂಲಕ ಬಯಲಿನ ಹೊಲಕ್ಕೆ ಬಂದಿತು; ಜೋಳದ ನೆಲ ಬತ್ತದ ಗದ್ದೆಯಾಯಿತು. ಇಂದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂಥ ನಗರಭಾಗದಲ್ಲಿ ಬೆಳೆಯುವ ವಿದ್ಯಾರ್ಥಿಗೆ ಹಗೇವು ಎಂಬ ಪದವೇ ಅಪರಿಚಿತ. ಆದರೆ ನಗರದ ಕುಡಿಯುವ ನೀರಿಗೂ ಸುತ್ತಣ ಗದ್ದೆಗಳಿಗೂ ಆಧಾರ ಘಟ್ಟದ ಮಳೆಯೇ ಎಂಬುದನ್ನು ಅವನು ಅರಿತಿರಬೇಕು.

ಈ ಹೊಸ ಆಧಾರಕ್ಕೂ ಒಂದು ಮಿತಿ ಇದೆ. 2022ರಲ್ಲಿ ಜಲಾಶಯಗಳು ತುಂಬಿ ಹರಿದವು. ಮರುವರ್ಷವೇ, ಎಲ್ ನಿನೊ ಮರಳಿದಾಗ, 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ಭಾರತದಲ್ಲಿ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಭದ್ರಾ ನಾಲೆಯ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದರು. ಹಸಿವಿನಿಂದ ಜನ ಸಾಯಲಿಲ್ಲ. ರೈಲು, ಪಡಿತರ, ಕೊಳವೆಬಾವಿ, ಮತದಾನದ ಹಕ್ಕು ಇವೆಲ್ಲವೂ ಸೇರಿ ಅದನ್ನು ತಡೆದವು. ಆದರೆ ಒಂದೇ ಜಲಾಶಯ ಮತ್ತು ಹೆಚ್ಚು ನೀರು ಬೇಡುವ ಒಂದೇ ಬೆಳೆಯ ಮೇಲೆ ನಿಂತ ಭದ್ರತೆಯು ಬೆನ್ನುಬೆನ್ನಿಗೆ ಬರುವ ಕೊರತೆಯ ಎದುರಿನಲ್ಲಿ 1876ರ ಹಗೇವಿನ ಸ್ಥಿತಿಯಲ್ಲಿಯೇ ಇರುತ್ತದೆ. ಮೊದಲ ವರ್ಷ ಅದು ಕಾಯುತ್ತದೆ. ಎರಡನೆಯ ವರ್ಷದ ಪರೀಕ್ಷೆಯೇ ಬೇರೆ.

7. ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ವಿಷಯಗಳು ಸ್ಥಿರಪಡುತ್ತವೆ. 1877ರ ಅನಾವೃಷ್ಟಿಯು ನಿಜವಾಗಿಯೂ ದಾಖಲೆಯ ಅನಾವೃಷ್ಟಿ. ಅದನ್ನು ಆಡಳಿತಗಾರರ ಕಟ್ಟುಕಥೆಯೆಂದು ತಳ್ಳಿಹಾಕಲಾಗದು. ಆದರೆ ಅದೊಂದರಿಂದಲೇ ಮೈಸೂರಿನ ಜನಹಾನಿಯನ್ನು ವಿವರಿಸಲೂ ಆಗದು. ಬರಿದಾದ ಹಗೇವು, ಸತ್ತ ಎತ್ತು, ಇಳಿಸಿದ ಕೂಲಿ ಇವು ಮಳೆಗೂ ಮರಣಕ್ಕೂ ನಡುವೆ ನಿಂತ ಕೊಂಡಿಗಳು. ಕಡೆಯದಾಗಿ, ಅತಿವೃಷ್ಟಿ ಅನಾವೃಷ್ಟಿಗಳು ಹಿಂದೆಯೂ ಬಂದವು, ಮುಂದೆಯೂ ಬರುತ್ತವೆ. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಹಳೆಯ ದಾಖಲೆಗಳು ಮುರಿಯುವುದು ಇನ್ನೂ ಸಾಮಾನ್ಯವಾಗುವ ಸಂಭವವಿದೆ. ಈ ಕೊಂಡಿಗಳನ್ನು ಮೊದಲೇ ಗುರುತಿಸುವುದು ಮಾತ್ರ ಮನುಷ್ಯರ ಕೈಯಲ್ಲಿದೆ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ತಂತಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿಗಳ ಸ್ಥಿತಿಯನ್ನು ಬರೆದುಕೊಳ್ಳುವುದು, ಮುಚ್ಚಿಹೋದ ಹಗೇವುಗಳ ಸ್ಥಳವನ್ನು ಹಿರಿಯರಿಂದ ಕೇಳಿ ಗುರುತಿಸುವುದು, ತಾಲ್ಲೂಕು ಕಚೇರಿಯ ಹಳೆಯ ಜಮಾಬಂದಿ ಲೆಕ್ಕಗಳನ್ನೂ ಗಣತಿಯ ಪಟ್ಟಿಗಳನ್ನೂ ಎದುರುಬದುರಾಗಿಟ್ಟು ಓದುವುದು ಇವೆಲ್ಲ ಇತಿಹಾಸದ ಅಭ್ಯಾಸವೇ. ಎಂಟು ಲಕ್ಷದ ಅರವತ್ತೊಂಬತ್ತು ಸಾವಿರ ಎಂಬ ಸಂಖ್ಯೆ ಸಂಸ್ಥಾನದ್ದು. ಅದರಲ್ಲಿ ತಮ್ಮ ಊರಿನ ಪಾಲೆಷ್ಟು, ಯಾವ ಕೇರಿ ಬರಿದಾಯಿತು, ಯಾವ ಹೊಲ ಬೀಳುಬಿತ್ತು ಎಂಬುದನ್ನು ಊರೂರಿನ ಲೆಕ್ಕದಿಂದ ಕಟ್ಟಿಕೊಡುವುದು ಇನ್ನು ಆಗಬೇಕಾದ ಕಾರ್ಯ.